ಯಾವ ಚಂದ್ರು ಬೇಕಿತ್ತು?

ಸಂಬಳ ಕೊಡುವವರಿಗೆ ಆಗಾಗ ಒಂದು ಭ್ರಮೆ ಹಿಡಿಯುತ್ತದೆ. ನಮ್ಮ ಕೆಲಸದ ಜೊತೆಗೆ ನಮ್ಮ ನೆಂಟರು, ಇಷ್ಟರು, ದಾರಿಯಲ್ಲಿ ಸಿಕ್ಕಿ ನಗುವವರು ಎಲ್ಲರೂ ತಮಗೇ ಸೇರಿದವರು ಅನ್ನುವ ಭ್ರಮೆ. ಇದು ಇವತ್ತು ನಿನ್ನೆಯದಲ್ಲ. ಕಂಪ್ಯೂಟರಿನಲ್ಲಿ ಸ್ನೇಹ ಮಾಡುವ ಕಾಲಕ್ಕೆ ಮುಂಚೆಯೂ ಇತ್ತು, ಆಮೇಲೆ ಜಾಸ್ತಿಯಾಯಿತು. ನಾನು ಹನ್ನೊಂದು ವರ್ಷ ಅನುಭವಿಸಿದ್ದೇನೆ. ಕೇಳಿ ನಗು ಬಂದರೆ ನಗಿ. ನನಗೆ ಮಾತ್ರ ಹೇಳುತ್ತಾ ಹೇಳುತ್ತಾ ಈಗಲೂ ಮೈ ಉರಿಯುತ್ತದೆ.

ಹೆಸರು ಬದಲಾಯಿತು

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಗಾಂಧಿಬಜಾರಿನ ಒಂದು ಯಾತ್ರಾ ಕಂಪನಿಗೆ ಟೂರ್ ಮ್ಯಾನೇಜರ್ ಆಗಿ ಸೇರಿದೆ. ಕಾಶಿ, ಗಯಾ, ಬದರಿ, ರಾಮೇಶ್ವರ ಅಂತ ಹೊರಟ ಒಂದು ಗುಂಪು ಹಿರಿಯರನ್ನು ಕರೆದುಕೊಂಡು ಹೋಗಿ, ಅಷ್ಟೂ ಜನರನ್ನು ವಾಪಸ್ ತರುವುದು ನನ್ನ ಕೆಲಸ. ಅಡುಗೆಗೆ ಅಡುಗೆಯವರು ಇರುತ್ತಿದ್ದರು. ಉಳಿದದ್ದೆಲ್ಲ ನಮ್ಮದೇ: ಬಿಸಿನೀರು, ಮಾತ್ರೆ, ಮಂಕಿ ಕ್ಯಾಪು, ಧರ್ಮಶಾಲೆಯಲ್ಲಿ ಮರೆತುಬಂದ ಹಲ್ಲಿನ ಸೆಟ್ಟು.

ಮೊದಲ ದಿನ ಯಜಮಾನರು ನನ್ನ ಹೆಸರು ಕೇಳಿದರು. ಹೇಳಿದೆ.

"ಆಯ್ತು. ನಾಳೆಯಿಂದ ನೀನು ಚಂದ್ರು."

"ಸಾರ್?"

"ಇಲ್ಲಿ ಎಲ್ಲಾ ಟೂರ್ ಮ್ಯಾನೇಜರೂ ಚಂದ್ರುನೇ. ಅಜ್ಜೀರಿಗೆ ಕರೆಯೋಕೆ ಸುಲಭ."

ಅಜ್ಜಿಯರ ಮೇಲಿನ ಕರುಣೆ ಇದಲ್ಲ ಅಂತ ಆಮೇಲೆ ತಿಳಿಯಿತು. ನನಗಿಂತ ಮುಂಚೆ ಇದ್ದ ಒಬ್ಬ ಮ್ಯಾನೇಜರ್ ಒಳ್ಳೇ ಮಾತುಗಾರ. ಅವನು ಕೆಲಸ ಬಿಟ್ಟು ಸ್ವಂತ ಕಂಪನಿ ತೆರೆದಾಗ ಪ್ಯಾಸೆಂಜರುಗಳೆಲ್ಲ ಅವನ ಹಿಂದೆ ಹೋಗಿಬಿಟ್ಟರು. ಅವತ್ತಿನಿಂದ ಯಜಮಾನರಿಗೆ ಒಂದೇ ಯೋಚನೆ. ಪ್ಯಾಸೆಂಜರಿಗೆ ಕಂಪನಿ ನೆನಪಿರಬೇಕು, ಮ್ಯಾನೇಜರ್ ನೆನಪಿರಬಾರದು. ಟೂರ್ ಮುಗಿದ ಮೇಲೆ ಆಫೀಸಿಗೆ ಫೋನ್ ಮಾಡಿ "ಚಂದ್ರು ಇದಾರಾ?" ಅಂತ ಕೇಳಿದರೆ ಯಾರನ್ನು ಬೇಕಾದರೂ ಕೊಡಬಹುದು. ಅಪ್ಪ ಅಮ್ಮ ಇಟ್ಟ ಹೆಸರನ್ನು ಹೀಗೆ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಹೋಗಬೇಕಿತ್ತು.

ನಮ್ಮನ್ನು ಬೇರೆ ಬೇರೆ ಮನುಷ್ಯರು ಅಂತ ಗುರುತಿಸಿದ್ದು ಯಜಮಾನರ ತಾಯಿ ಒಬ್ಬರೇ. ಆಯಮ್ಮ ವರ್ಷಕ್ಕೊಂದು ಯಾತ್ರೆಗೆ ಬರುತ್ತಿದ್ದರು. ಕನ್ನಡಕದ ಚಂದ್ರು, ಉದ್ದ ಚಂದ್ರು ಅಂತ ಎಲ್ಲರಿಗೂ ಅಡ್ಡಹೆಸರು ಕೊಟ್ಟಿದ್ದರು. ಯಾರಿಗೆ ಹುಷಾರು ತಪ್ಪಿದರೂ ಗಂಜಿ ಮಾಡಿಸಿ ಕೊಡುತ್ತೇನೆ ಅಂತ ನಾನು ಗಂಜಿ ಚಂದ್ರು.

ಒಂದು ಸಲ ಎರಡು ಟೂರು ಒಂದೇ ಬೆಳಿಗ್ಗೆ ಮೆಜೆಸ್ಟಿಕ್ಕಿನ ರೈಲ್ವೆ ಸ್ಟೇಷನ್ನಿಗೆ ವಾಪಸ್ ಬಂದವು. ಜನಜಂಗುಳಿಯಲ್ಲಿ ಒಬ್ಬ ಅಜ್ಜಿ "ಚಂದ್ರೂ, ನನ್ ಕೋಲು" ಅಂತ ಕೂಗಿದರು. ನಾಲ್ಕು ದಿಕ್ಕಿನಿಂದ ನಾಲ್ಕು ಜನ ಓಡಿಬಂದೆವು. ಅಜ್ಜಿ ಗಾಬರಿಯಾಗಿ ನಮ್ಮನ್ನೆಲ್ಲ ನೋಡಿ, "ಇರೋದು ಒಂದೇ ಕೋಲು ಕಣ್ರಪ್ಪ" ಅಂದರು.

ಹೋಳಿಗೆ

ಪ್ಯಾಸೆಂಜರುಗಳ ಮನೆಗೆ ಹೋಗಬಾರದು, ಮದುವೆ ಮುಂಜಿಗೆ ಹೋಗಬಾರದು, ಮನೆ ವಿಳಾಸ ಕೊಡಬಾರದು. ಇದು ಎರಡನೇ ಕಾನೂನು. ಕಾಶಿಯ ಮೆಟ್ಟಿಲ ಮೇಲೆ ಕೈ ಹಿಡಿದು ಇಳಿಸಿದವರು ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಎದುರು ಬಂದರೆ ಮುಖ ತಿರುಗಿಸಿಕೊಂಡು ಹೋಗಬೇಕೇ? ಹಾಗೆ ಮಾಡುವವನು ಮನುಷ್ಯನೇ?

ಮಲ್ಲೇಶ್ವರದ ನಿವೃತ್ತ ಮೇಷ್ಟರೊಬ್ಬರು ಎರಡು ಸಲ ನನ್ನ ಜೊತೆ ಯಾತ್ರೆಗೆ ಬಂದಿದ್ದರು. ಅವರು ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಬರಲೇಬೇಕು ಅಂತ ಆಫೀಸಿಗೇ ಬಂದು ಕರೆದರು. ಯಜಮಾನರು ಅವರ ಎದುರಿಗೆ ನಕ್ಕರು. ಅವರು ಮೆಟ್ಟಿಲಿಳಿದ ಮೇಲೆ ನನ್ನನ್ನು ಕರೆದು, "ಇವತ್ತು ಅವರ ಮನೆ ಹೋಳಿಗೆ ತಿಂತೀಯ, ನಾಳೆ ಅವರನ್ನೇ ಕಟ್ಕೊಂಡು ಟೂರ್ ಮಾಡ್ತೀಯ. ಹೋಗ್ಕೂಡದು" ಅಂದರು.

ಗೃಹಪ್ರವೇಶ ಇದ್ದದ್ದು ಭಾನುವಾರ, ನನ್ನ ರಜಾ ದಿನ. ನಾನು ಹೋದೆ. ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿ ತಲೆ ಎತ್ತಿದರೆ ಎದುರು ಸಾಲಿನಲ್ಲಿ ಯಜಮಾನರು. ಇಬ್ಬರ ಎಲೆಗೂ ಹೋಳಿಗೆ ಬಿತ್ತು. ಇಬ್ಬರೂ ಮುಟ್ಟಲಿಲ್ಲ.

ಕೊನೆಗೆ ಅವರೇ ಹಲ್ಲು ಕಚ್ಚಿಕೊಂಡು, "ನಾನು ಕಂಪನಿ ಪರವಾಗಿ ಬಂದಿದೀನಿ. ನೀನು ಯಾರ ಪರವಾಗಿ?" ಅಂದರು.

"ಹೊಟ್ಟೆ ಪರವಾಗಿ ಸಾರ್" ಅಂದೆ.

ಆ ತಿಂಗಳು ಒಂದು ದಿನದ ಸಂಬಳ ಹಿಡಿದರು. ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಿದ್ದು ಅವರು.

ಬಂದು ಹೋದವರು

ಎರಡು ಸಾವಿರ ಕಳೆದು ನಾಲ್ಕೈದು ವರ್ಷಕ್ಕೆ ಒಂದು ಸ್ನೇಹದ ಸೈಟು ಬಂತು. ಈಗ ಅದು ಮುಚ್ಚಿಹೋಗಿದೆ. ಆಗ ಮಾತ್ರ ಅದರಲ್ಲಿ ಇಲ್ಲದವರೇ ಇಲ್ಲ. ನಾನೂ ವಿಶ್ವೇಶ್ವರಪುರದ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಅಕೌಂಟ್ ತೆರೆದೆ. ನನ್ನ ನಿಜವಾದ ಹೆಸರನ್ನು ಹಾಕಿದೆ. ಅಷ್ಟು ವರ್ಷದ ಮೇಲೆ ಅದನ್ನು ಬರೆದಾಗ ಯಾವುದೋ ಹಳೇ ಸ್ನೇಹಿತ ಸಿಕ್ಕ ಹಾಗಾಯಿತು.

ಪ್ಯಾಸೆಂಜರುಗಳ ಮೊಮ್ಮಕ್ಕಳು ಯಾತ್ರೆಯ ಫೋಟೋಗಳನ್ನು ಅಲ್ಲಿ ಹಾಕತೊಡಗಿದರು. ಮಲ್ಲೇಶ್ವರದ ಮೇಷ್ಟರ ಮೊಮ್ಮಗ ನನ್ನ ಮುಖ ಗುರುತು ಹಿಡಿದು ಸ್ನೇಹಿತನನ್ನಾಗಿ ಸೇರಿಸಿಕೊಂಡ. ಅವನ ಹಿಂದೆ ಇನ್ನೂ ಹಲವರು ಬಂದರು. ಯಾರೋ ಈ ಸುದ್ದಿಯನ್ನು ಯಜಮಾನರ ಕಿವಿಗೆ ಹಾಕಿದರು. ಅವರು ಗುಟ್ಟಾಗಿ ಒಂದು ಅಕೌಂಟ್ ತೆರೆದು, ಕೇದಾರದ ಮುಂದೆ ಶಾಲು ಹೊದ್ದು ನಿಂತ ಫೋಟೋ ಹಾಕಿ, ನಮ್ಮ ಒಬ್ಬೊಬ್ಬರ ಪುಟಕ್ಕೂ ಹೋಗಿ ಯಾರ್ಯಾರು ಸ್ನೇಹಿತರು ಅಂತ ನೋಡತೊಡಗಿದರು.

ಆ ಸೈಟಿನಲ್ಲಿ ಒಂದು ವಿಶೇಷ ಇತ್ತು. ನಿಮ್ಮ ಪುಟವನ್ನು ಯಾರು ನೋಡಿ ಹೋದರೋ ಅವರ ಹೆಸರು, ಫೋಟೋ ನಿಮಗೆ ಕಾಣುತ್ತಿತ್ತು. ಯಜಮಾನರಿಗೆ ಅದು ಗೊತ್ತಿರಲಿಲ್ಲ. ನಮ್ಮೆಲ್ಲರ ಪುಟದಲ್ಲೂ ದಿನ ಬೆಳಗಾದರೆ ಕೇದಾರದ ಮುಂದೆ ಅದೇ ಶಾಲು. ಇತ್ತ ಆಫೀಸಿನಲ್ಲಿ, "ಅದೇನೋ ಸೈಟಂತೆ, ನನಗೆ ಅದೆಲ್ಲ ತಿಳಿಯಲ್ಲಪ್ಪ" ಅನ್ನುವರು.

ಕನ್ನಡಕದ ಚಂದ್ರು ತಡೆಯಲಾರದೆ ಅವರ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಸಾಲು ಬರೆದ: "ನಮ್ಮನೆಗೆ ಬಂದಿದ್ರಂತೆ. ಒಂದು ಲೋಟ ಕಾಫಿನೂ ಕುಡೀದೆ ಹಾಗೇ ಹೋಗ್ಬಿಟ್ರಲ್ಲ ಸಾರ್."

ಗಣಿತ

ಇನ್ನು ಮುಂದಿನದು ನನ್ನ ಜೀವನದ ಪ್ರಶ್ನೆ. ಚಾಮರಾಜಪೇಟೆಯ ಒಬ್ಬ ಟೀಚರಮ್ಮ, ಸೈಟು ಬರುವುದಕ್ಕೆ ಹಿಂದಿನ ವರ್ಷ, ಮೇಷ್ಟರು ಬಂದಿದ್ದ ಟೂರಿನಲ್ಲೇ ಕಾಶಿಗೆ ಬಂದಿದ್ದರು. ಗಯಾದಲ್ಲಿ ಅವರಿಗೆ ಜ್ವರ ಬಂತು. ಗಂಜಿ ಕೊಟ್ಟು ನೋಡಿಕೊಂಡೆ. ಸ್ಟೇಷನ್ನಿಗೆ ಅವರನ್ನು ಕರೆದೊಯ್ಯಲು ಬಂದ ಮಗಳನ್ನು ನಾನು ನೋಡಿದೆ, ಅವಳೂ ನನ್ನನ್ನು ನೋಡಿದಳು. ಅಷ್ಟೇ.

ಸ್ವಲ್ಪ ದಿನಕ್ಕೆ, ನಾನು ರಾಮೇಶ್ವರದಲ್ಲಿದ್ದಾಗ, ಟೀಚರಮ್ಮ ನನ್ನ ಜಾತಕ ಕೇಳೋಣ ಅಂತ ಆಫೀಸಿಗೆ ಬಂದರಂತೆ. "ಚಂದ್ರು ಇದಾರಾ?" ಅಂದಿದ್ದಾರೆ. ಏನು ವಿಷಯ ಅಂದಿದ್ದಕ್ಕೆ, "ಸ್ವಲ್ಪ ಮನೆ ವಿಷಯ" ಅಂದಿದ್ದಾರೆ. ಯಜಮಾನರಿಗೆ ಅನುಮಾನ ಬಂದಿದೆ.

"ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲಮ್ಮ."

ಎಂಥ ಮನುಷ್ಯ ನೋಡಿ. ಹೆಸರು ಇಟ್ಟವರೂ ಅವರೇ, ಇಲ್ಲ ಅಂದವರೂ ಅವರೇ. ಸುಳ್ಳು ಹೆಸರು ಹೇಳಿಕೊಂಡು ತಿರುಗುವವನಿಗೆ ಹೆಣ್ಣು ಕೊಡುವುದು ಹೇಗೆ ಅಂತ ಟೀಚರಮ್ಮ ಬೇಜಾರು ಮಾಡಿಕೊಂಡು ಮನೆಗೆ ಹೋಗಿದ್ದಾರೆ. ಆ ಸೈಟು ಇಲ್ಲದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿದಿರುತ್ತಿತ್ತು. ಮೇಷ್ಟರ ಮೊಮ್ಮಗ ಹಾಕಿದ್ದ ಫೋಟೋಗಳನ್ನು ನೋಡುತ್ತಿದ್ದ ಟೀಚರಮ್ಮನ ಮಗಳಿಗೆ ಅವನ ಸ್ನೇಹಿತರ ಸಾಲಿನಲ್ಲಿ ನನ್ನ ಮುಖ ಕಂಡಿದೆ. ನನಗೆ ಬರೆದಳು: "ನಮ್ಮಮ್ಮನಿಗೆ ಗಂಜಿ ಕೊಟ್ಟ ಚಂದ್ರು ನೀವೇ ತಾನೆ? ಹಾಗಾದ್ರೆ ಇಲ್ಲಿರೋ ಹೆಸರು ಯಾರದು?"

ಎಲ್ಲವನ್ನೂ ವಿವರಿಸಿ ಬರೆದೆ. ಅವಳು ನಂಬಿದಳು. ಅಮ್ಮನನ್ನು ನಂಬಿಸುವುದು ನಿಮ್ಮ ಕೆಲಸ ಅಂದಳು. ಹೆಸರಿಗೆ ಸಾಕ್ಷಿ ಬೇಕಲ್ಲ ಅಂತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದುಕೊಂಡು ಚಾಮರಾಜಪೇಟೆಗೆ ಹೋದೆ. ಟೀಚರಮ್ಮ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಹೆಸರು ಸರಿಯಾಗಿದೆ" ಅಂದರು. ನನಗೆ ಉಸಿರು ಬಂತು.

"ಗಣಿತದಲ್ಲಿ ಇಷ್ಟೇನಾ?" ಅಂದರು.

ತೆಗಿ

ಮದುವೆ ಗೊತ್ತಾಯಿತು. ಅಷ್ಟರಲ್ಲಿ ಯಜಮಾನರು ನಾಚಿಕೆ ಬಿಟ್ಟು ಹೊಸ ಕಾನೂನು ತಂದರು. ಪ್ರತಿಯೊಬ್ಬರೂ ಅವರನ್ನು ಸ್ನೇಹಿತರನ್ನಾಗಿ ಸೇರಿಸಿಕೊಳ್ಳಬೇಕು, ಆಮೇಲೆ ಆಫೀಸಿನ ಕಂಪ್ಯೂಟರಿನ ಮುಂದೆ ಕೂತು, ಅವರ ಕಣ್ಣೆದುರಿಗೇ, ಪ್ಯಾಸೆಂಜರುಗಳನ್ನೆಲ್ಲ ತೆಗೆಯಬೇಕು. ಇಲ್ಲದಿದ್ದರೆ ಕೆಲಸ ಇಲ್ಲ.

ನನ್ನ ಸರದಿ ಬಂತು. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಪರದೆಗೆ ಬೆರಳು ಇಟ್ಟರು.

"ಇವನ್ಯಾರು?"

"ಮಲ್ಲೇಶ್ವರದ ಮೇಷ್ಟರ ಮೊಮ್ಮಗ ಸಾರ್."

"ತೆಗಿ. ಇವನು?"

"ನನ್ನ ಸ್ವಂತ ತಮ್ಮ ಸಾರ್."

"ನಮ್ಮ ಟೂರಲ್ಲಿ ಬಂದಿದಾನಾ?"

"ಒಂದ್ಸಲ ತಿರುಪತಿಗೆ ಬಂದಿದ್ದ."

"ತೆಗಿ."

ಹೊಟ್ಟೆಪಾಡು ಅಂತ ತಮ್ಮನನ್ನೂ ತೆಗೆದೆ. ಮನೆಗೆ ಯಾರಾದರೂ ಬೆಂಕಿ ಹಚ್ಚಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರ ಬೆರಳು ಇನ್ನೊಂದು ಫೋಟೋದ ಮೇಲೆ ನಿಂತಿತು.

"ಈ ಹುಡುಗಿ?"

"ಚಾಮರಾಜಪೇಟೆ ಟೀಚರಮ್ಮನ ಮಗಳು. ಮುಂದಿನ ತಿಂಗಳು ಇವಳ ಜೊತೆ ನನ್ನ ಮದುವೆ ಸಾರ್."

ಯಜಮಾನರು ಒಂದು ನಿಮಿಷ ಯೋಚನೆ ಮಾಡಿದರು. "ಪ್ಯಾಸೆಂಜರ್ ಮಗಳೂ ಪ್ಯಾಸೆಂಜರೇ. ಮದುವೆ ಆಗು, ನಾನ್ಯಾಕೆ ಬೇಡ ಅನ್ಲಿ? ಲಿಸ್ಟಿಂದ ಮಾತ್ರ ತೆಗಿ."

ಆಯಿತು ಸಾರ್ ಅಂದೆ. ಮೌಸನ್ನು ಸರಿಯಾಗಿ ಹಿಡಿದುಕೊಂಡು ಕೇದಾರದ ಮುಂದೆ ಶಾಲು ಹೊದ್ದು ನಿಂತವರನ್ನು ತೆಗೆದೆ. ಎದ್ದು ಚಪ್ಪಲಿ ಹಾಕಿಕೊಂಡು ಹೊರಟೆ. ಮೆಟ್ಟಿಲಿಳಿಯುವಾಗ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಕನ್ನಡಕದ ಚಂದ್ರು, ಉದ್ದ ಚಂದ್ರು ಇಬ್ಬರೂ ಚಪ್ಪಲಿ ಹುಡುಕುತ್ತಿದ್ದರು.

ಹೊಸ ಚಂದ್ರು

ಮದುವೆಯಾದ ಮೇಲೆ ನಾವು ಮೂವರೂ ಸೇರಿ ವಿಶ್ವೇಶ್ವರಪುರದಲ್ಲಿ, ತಿಂಡಿ ಬೀದಿಗೆ ಹತ್ತಿರ, ಮಹಡಿ ಮೇಲೆ ಒಂದು ಕೋಣೆ ಹಿಡಿದೆವು. ಕಂಪನಿಗೆ ಏನು ಹೆಸರಿಡುವುದು ಅಂತ ತಲೆ ಕೆಡಿಸಿಕೊಂಡಿದ್ದೆವು. ನನ್ನ ಹೆಂಡತಿ, "ಹನ್ನೊಂದು ವರ್ಷ ಅವರೇ ಊರಿಗೆಲ್ಲ ಪ್ರಚಾರ ಮಾಡಿರೋ ಹೆಸರಿದೆಯಲ್ಲ, ಅದನ್ಯಾಕೆ ಬಿಡ್ತೀರಿ?" ಅಂದಳು. ಬೋರ್ಡಿನಲ್ಲಿ "ನಿಮ್ಮ ಚಂದ್ರು" ಅಂತ ಬರೆಸಿದೆವು.

ಅವರೆಬೇಳೆ ದೋಸೆ ತಿನ್ನಲು ಬಂದವರು ಕತ್ತೆತ್ತಿ ಬೋರ್ಡ್ ನೋಡಿ ಮೇಲೆ ಹತ್ತಿ ಬರತೊಡಗಿದರು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಎಲ್ಲಿ ನೋಡಿದರೂ ಪ್ರತಿ ಬೀದಿಗೆ ಒಂದೆರಡು ಮನೆಯವರಿಗೆ ಚಂದ್ರು ಗೊತ್ತು. ಯಾವ ಚಂದ್ರು ಅನ್ನುವುದು ಯಾರಿಗೂ ಮುಖ್ಯವಾಗಿರಲಿಲ್ಲ.

ಒಂದು ಬೆಳಿಗ್ಗೆ ಯಜಮಾನರೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ನಾವು ಮೂವರೂ ಇದ್ದೆವು.

"ಅಮ್ಮನಿಗೆ ಬದರಿ ನೋಡ್ಬೇಕಂತೆ" ಅಂದರು. "ನಮ್ಮ ಬಸ್ಸಲ್ಲಿ ಬರಲ್ವಂತೆ. ಚಂದ್ರು ಜೊತೆಗೇ ಹೋಗ್ತೀನಿ ಅಂತ ಹಟ."

"ಯಾವ ಚಂದ್ರು ಸಾರ್?" ಅಂದೆ. "ನಿಜವಾದ ಹೆಸರು ಹೇಳಿ, ಅವರನ್ನೇ ಕಳಿಸ್ತೀವಿ."

ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಉಳಿದಿಬ್ಬರ ಮುಖ ನೋಡಿದರು. ಹನ್ನೊಂದು ವರ್ಷ ನನ್ನ ಊಟ, ನೆಂಟಸ್ತಿಕೆ, ಸ್ನೇಹ ಎಲ್ಲದರ ಮೇಲೂ ಕಣ್ಣಿಟ್ಟಿದ್ದ ಮನುಷ್ಯನಿಗೆ ನನ್ನ ಹೆಸರು ನೆನಪಿರಲಿಲ್ಲ. ಇದಕ್ಕಿಂತ ಅವಮಾನ ಬೇರೆ ಬೇಕೇ? ಅಷ್ಟರಲ್ಲಿ ಕೆಳಗೆ ಆಟೋದಿಂದ ಕೂಗು ಕೇಳಿಸಿತು.

"ಚಂದ್ರೂ, ಮೆಟ್ಟಿಲು ಹತ್ತಿಸ್ರೋ."

ನಾವು ಮೂವರೂ ಇಳಿದು ಓಡಿದೆವು. ಆಯಮ್ಮನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿರುವಾಗ ಮೇಲೆ ನಮ್ಮ ಫೋನ್ ರಿಂಗಾಯಿತು. ಯಾರೋ ಎತ್ತಿಕೊಂಡರು. ಬಾಗಿಲ ಹತ್ತಿರ ಬಂದಾಗ ಯಜಮಾನರ ದನಿ ಸ್ಪಷ್ಟವಾಗಿ ಕೇಳಿಸಿತು. ನಮ್ಮ ಕಡೆಗೆ ಬೆನ್ನು ಮಾಡಿ, ರಿಸೀವರಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು.

"ಹೌದು ತಾಯಿ, ಚಂದ್ರುನೇ ಮಾತಾಡ್ತಿರೋದು. ಬುಕಿಂಗಿಗೆ ಇಲ್ಲಿಗೆ ಬರ್ಬೇಡಿ, ಗಾಂಧಿಬಜಾರ್ ಆಫೀಸಿಗೇ ಬಂದ್ಬಿಡಿ."

ಆಯಮ್ಮ ಬಾಗಿಲಲ್ಲೇ ನಿಂತರು. ಮಗನ ಬೆನ್ನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಕೇಳಿದರು:

"ಯಾಕಪ್ಪ, ಇವನನ್ನೂ ಕೆಲಸಕ್ಕೆ ಸೇರಿಸ್ಕೊಂಡ್ರಾ?"