ನೂರಕ್ಕೆ ಇಡು, ತಮ್ಮಾ

ಇಪ್ಪತ್ತಕ್ಕೆ ಇಡಬೇಕೋ, ಎಪ್ಪತ್ತಕ್ಕೋ? ಇಪ್ಪತ್ತಕ್ಕೆ ಇಟ್ಟರೆ ಗೆರೆ ತನ್ನದೇ, ಆದರೆ ನಡುಗುತ್ತದೆ. ಎಪ್ಪತ್ತಕ್ಕೆ ಇಟ್ಟರೆ ನಡುಗುವುದಿಲ್ಲ, ಆದರೆ ಆ ಗೆರೆ ತನ್ನದೋ, ಕಂಪ್ಯೂಟರಿನದೋ? ಕೈ ಹಿಡಿದು ತಿದ್ದಿಸಿದ ಅಕ್ಷರ ಯಾರದು, ಹಿಡಿದವರದೋ, ಬರೆದವರದೋ?

ಹೀಗೆ ಯೋಚಿಸುತ್ತ ಆಶಿಷ ಹಾರವಾಡದ ತನ್ನ ಮನೆಯ ಜಗಲಿಯಲ್ಲಿ ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಪರದೆಯ ಮೇಲಿನ ಹಾಳೆ ಉಪ್ಪಿನ ಆಗರದ ಹಾಗೆ ಬೆಳ್ಳಗೇ ಇತ್ತು.

ಕಾರವಾರದಲ್ಲಿ ಡಿಗ್ರಿ ಮುಗಿಸಿ ಬಂದ ಮೇಲೆ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಸಿಕ್ಕಿದ್ದೆಂದರೆ ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರು, ಪ್ಲಾಸ್ಟಿಕ್ ಪೆನ್ನಿನಿಂದ ಗೀರುವ ಒಂದು ಕಪ್ಪು ಹಲಗೆ. ಅದರಲ್ಲಿ ಚಿತ್ರಕ್ಕಿಂತ ಅವನನ್ನು ಹಿಡಿದಿಟ್ಟದ್ದು ‘ಪ್ರಿಫರೆನ್ಸ್’ ಎಂಬ ಸಣ್ಣ ಕಿಟಕಿ. ಕೈ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ, ತಪ್ಪಿದರೆ ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಹುದು, ಕೈ ಅಲುಗಿದರೂ ಗೆರೆ ಎಷ್ಟರಮಟ್ಟಿಗೆ ಅಲುಗಬಾರದು, ಎಲ್ಲವನ್ನೂ ಅಲ್ಲಿ ಮೊದಲೇ ಹೇಳಿಡಬಹುದಿತ್ತು. ಬದುಕಿನಲ್ಲಿ ಇಂಥದ್ದೊಂದು ಕಿಟಕಿ ಇಲ್ಲವಲ್ಲ ಎಂದು ಅವನು ಎಷ್ಟೋ ಮಧ್ಯಾಹ್ನಗಳನ್ನು ಅದರ ಮುಂದೆ ಸುಮ್ಮನೆ ಕಳೆದಿದ್ದ.

ಇವತ್ತು ಸುಮ್ಮನಿರುವಂತಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಿತ್ತು. ಸೋದರಮಾವ ಶಾಂತಾರಾಮನ ಹೊಸ ಬೋಟು ನೀರಿಗಿಳಿಯಬೇಕು. ಅದರ ಮೂತಿಯ ಮೇಲೆ ಅಂಟಿಸಲು ಒಂದು ಇಸ್ವಾಣ ಮೀನಿನ ಚಿತ್ರ ಸಂಜೆಯೊಳಗೆ ಅಂಕೋಲೆಯ ಸ್ಟಿಕ್ಕರ್ ಅಂಗಡಿಗೆ ಹೋಗಬೇಕು. ಅದು ಚೆನ್ನಾಗಿ ಬಂದರೆ ಉಳಿದ ಬೋಟಿನವರೂ ಬರುತ್ತಾರೆ. ‘ದುರ್ಗಾನ ಮಗ, ಮನೇಲೇ ಇರ್ತ’ ಎಂಬ ಹೆಸರು ಹೋಗಿ ‘ಬೋಟಿಗೆ ಚಿತ್ರ ಬರೆಯುವ ಆಶಿಷ’ ಎಂದಾಗುತ್ತದೆ.

“ಆಯ್ತನಾ ಮೀನು?” ಎಂದು ಕೇಳುತ್ತಲೇ ಶಾಂತಾರಾಮ ಜಗಲಿ ಹತ್ತಿದ. ಹಿಂದೆ ಅವನ ಬೋಟಿನಲ್ಲಿ ದುಡಿಯುವ ಕಲಾಸಿಗಳು ನಾಲ್ಕೈದು ಮಂದಿ. ಕೆಲಸವಿಲ್ಲದ ಮಳೆಗಾಲದಲ್ಲಿ ಹಾರವಾಡದವರಿಗೆ ಇನ್ನೊಬ್ಬರ ಕೆಲಸ ನೋಡುವುದೇ ಕೆಲಸ.

“ಇನ್ನೂ ಸೆಟ್ಟಿಂಗ್ ಮಾಡ್ತಾ ಇದ್ದೆ ಮಾಮಾ.”

“ಬೆಳಗಿಂದ ಸೆಟ್ಟಿಂಗಾ! ನಾವು ಇಷ್ಟೊತ್ತಿಗೆ ಬಲೆ ಬಿಟ್ಟು, ಎಳೆದು, ಮೀನು ಮಾರಿ, ಉಂಡು ಮಲಗಿರ್ತಿದ್ವು.”

“ಮಲಗೂದೊಂದು ಖರೆ,” ಎಂದಳು ಒಳಗಿನಿಂದ ಚಹಾ ತಂದ ತಾಯಿ ದುರ್ಗಾ, ತನ್ನ ತಮ್ಮನಿಗೆ ಕೇಳುವ ಹಾಗೆ.

ಮಾವನನ್ನು ಒಲಿಸಲು ಆಶಿಷ ಒಂದು ಗೆರೆ ಎಳೆದು, ಒಂದು ಗುಂಡಿ ಒತ್ತಿ ಅದನ್ನು ಮಾಯ ಮಾಡಿದ. ಶಾಂತಾರಾಮ ಪರದೆಯ ಹತ್ತಿರ ಮುಖ ತಂದ.

“ಎಲ್ಲಿ ಹೋಯ್ತೋ?”

“ಹಿಂದಕ್ಕೆ. ತಪ್ಪು ಮಾಡಿದ್ರೆ ಇನ್ನೂರು ಸಲ ಹಿಂದಕ್ಕೆ ಹೋಗಬಹುದು. ನಾನೇ ಹಾಗೆ ಇಟ್ಟಿದ್ದೆ.”

ಶಾಂತಾರಾಮ ಪರದೆಯನ್ನೂ ಹೊರಗೆ ಮಳೆಯಲ್ಲಿ ಮಂಕಾಗಿದ್ದ ಸಮುದ್ರವನ್ನೂ ಒಂದು ಸಲ ನೋಡಿದ. “ಹೋದ ವರ್ಷ ಬಲೆ ಕಲ್ಲಿಗೆ ಸಿಕ್ಕಾಗ ಇದೊಂದು ಗುಂಡಿ ಇದ್ದಿದ್ರೆ!” ಎಂದ. ಯಾರೂ ನಗಲಿಲ್ಲ. ಎಲ್ಲರಿಗೂ ಆ ಗುಂಡಿ ಬೇಕಿದ್ದ ತಮ್ಮತಮ್ಮ ಗಳಿಗೆ ನೆನಪಾದಂತಿತ್ತು.

ಅಷ್ಟರಲ್ಲಿ ಮುಂದೆ ನುಗ್ಗಿದವನು ಪಕ್ಕದ ಮನೆಯ ಮಧುಕರ. ಬಿಣಗಾದಲ್ಲಿ ಒಂದು ಆಫೀಸಿನ ಗುಮಾಸ್ತ. ಅವತ್ತು ರಜೆ. ಊರಿನ ಎಲ್ಲ ಮೊಬೈಲು, ಟಿ.ವಿ., ಮಿಕ್ಸರುಗಳ ರೋಗಕ್ಕೆ ಅವನದೇ ಔಷಧ, ಮತ್ತು ಔಷಧ ಒಂದೇ, ರೀಸೆಟ್.

“ಭಾರೀ ನಿಧಾನ ಅದೆಯಲ್ಲೋ ಇದು. ಆಚೆ ಸರಿ, ನಾ ಒಂದ್ಸಲ ಸ್ವಚ್ಛ ಮಾಡ್ತೆ.”

“ಬೇಡ ಮಧುಕರಣ್ಣಾ...”

‘ಬೇಡ’ ಎಂಬುದು ಬಾಯಿಂದ ಹೊರಡುವಷ್ಟರಲ್ಲಿ ಮಧುಕರನ ಬೆರಳು ಎರಡು ಕಡೆ ಒತ್ತಿಯಾಗಿತ್ತು. ಪರದೆ ಕಣ್ಣು ಮುಚ್ಚಿ ತೆರೆಯಿತು. ಆಶಿಷ ತಿಂಗಳುಗಟ್ಟಲೆ ಕೂತು ಆರಿಸಿದ್ದ ಒಂದೊಂದು ಆಯ್ಕೆಯೂ ಅಳಿಸಿಹೋಗಿ, ಸಾಫ್ಟ್‌ವೇರು ಈಗಷ್ಟೇ ಹುಟ್ಟಿದ ಕೂಸಿನ ಹಾಗೆ ಅವನನ್ನು ನೋಡಿತು.

“ಈಗ ನೋಡು, ಹೊಸಾದು!” ಎಂದ ಮಧುಕರ.

ಆಶಿಷನಿಗೆ ಅಳು ಬರುವಂತಿತ್ತು. ಆದರೆ ಕಣ್ಣೆದುರು ಮಾವ ನಿಂತಿದ್ದ. “ಬಿಡಿಸು ಸಾಕು. ಸಂಜಿಗೆ ಆಗದಿದ್ರೆ ಕಾರವಾರದಿಂದ ರೆಡಿಮೇಡ್ ಡಾಲ್ಫಿನ್ ತಂದು ಅಂಟಿಸ್ತೆ.” ಆಶಿಷ ಪೆನ್ನು ಹಿಡಿದು, ಉಸಿರು ಬಿಗಿಹಿಡಿದು ಮೀನು ಬಿಡಿಸಿದ.

ಮೀನಿನ ವಿಷಯದಲ್ಲಿ ಹಾರವಾಡದಲ್ಲಿ ಪಂಡಿತರಲ್ಲದವರು ಹುಟ್ಟಿಲ್ಲ.

“ಇದು ಇಸ್ವಾಣ ಅಲ್ಲ, ಬಂಗಡೆ,” ಎಂದ ಒಬ್ಬ ಕಲಾಸಿ.

“ಬಂಗಡೆಗೆ ಯಾಕೋ ಅವಮಾನ ಮಾಡ್ತೆ? ಇದಕ್ಕೆ ಜ್ವರ ಬಂದದೆ. ಗೆರೆ ನೋಡು, ಥರಥರ ಅಂತದೆ.”

“ಈ ಮೀನನ್ನ ನೀರಿಗೆ ಬಿಟ್ರೆ ಮುಳುಗಿ ಸಾಯ್ತದೆ,” ಎಂದಳು ಸ್ವಂತ ತಾಯಿ.

“ಗೆರೆ ನಡುಗೂದು ನನ್ನ ತಪ್ಪಲ್ಲ ಆಯಿ!” ಆಶಿಷನ ದನಿ ಏರಿತು. “ಇದರಲ್ಲಿ ಸ್ಟೆಬಿಲೈಜರ್ ಅಂತ ಒಂದದೆ, ಅದೀಗ ಸೊನ್ನೆಗೆ ಹೋಗದೆ. ಅದನ್ನ ನೂರಕ್ಕೆ ಇಟ್ರೆ ಎಂಥಾ ನಡುಗೂ ಕೈಯವ ಬಿಡಿಸಿದ್ರೂ ಗೆರೆ ನೂಲು ಹಿಡಿದ ಹಾಗೆ ಬರ್ತದೆ!”

ಮಾತು ಹೊರಬಿದ್ದ ಮೇಲೆ ಅವನಿಗೆ ಅದರ ಭಾರ ತಿಳಿಯಿತು. ಜಗಲಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕಂಬದ ಕಡೆ ತಿರುಗಿದರು. ಅಲ್ಲಿ, ಯಾವಾಗ ಬಂದನೋ, ಕೊಡೆ ಮಡಚಿ ಸೋಮಜ್ಜ ಕೂತಿದ್ದ. ಈ ದಂಡೆಯ ಎಲ್ಲ ದೋಣಿಗಳ ಮೇಲೆ ಮೀನು, ಹೂವು, ಹೆಸರು ಬರೆದವನು. ಕೈ ನಡುಕ ಶುರುವಾದ ಮೇಲೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಈ ಬೋಟಿನ ಕೆಲಸ ಆಶಿಷನಿಗೆ ಬಂದದ್ದೂ ಅದೇ ಕಾರಣಕ್ಕೆ.

ಸೋಮಜ್ಜ ಚಹಾದ ಲೋಟ ನೆಲಕ್ಕಿಟ್ಟ. ಲೋಟ ನೆಲ ಮುಟ್ಟುವ ಮೊದಲು ನಾಲ್ಕಾರು ಸಲ ಟಕಟಕ ಎಂದಿತು.

“ಹಾಗಾದ್ರೆ ಸೋಮು ಮಾವನ ಕೈಲೇ ಒಂದು ಗೆರೆ ಎಳೆಸು ನೋಡ್ವಾ,” ಎಂದಳು ದುರ್ಗಾ.

ತಾನೇ ಬೀಸಿದ ಬಲೆಯಲ್ಲಿ ತಾನೇ ಸಿಕ್ಕಿದ್ದ ಆಶಿಷ. ಬೇರೆ ದಾರಿಯಿಲ್ಲದೆ ಪ್ರಿಫರೆನ್ಸ್ ಕಿಟಕಿ ತೆರೆದು ಸ್ಟೆಬಿಲೈಜರಿನ ಗುಂಡಿಯನ್ನು ನೂರರವರೆಗೆ ಎಳೆದ. “ಅಜ್ಜಂಗೆ ಕಣ್ಣು ಕಾಣೂದಿಲ್ಲ, ನನ್ನ ಚಾಳೀಸು ತಕ್ಕೊಂಬಾ,” ಎಂದು ತಾಯಿ ಅಷ್ಟರಲ್ಲಿ ಅವನನ್ನು ಒಳಗೆ ಓಡಿಸಿದಳು. ಚಾಳೀಸು ಹುಡುಕಿ ತರುವಷ್ಟರಲ್ಲಿ ಕಿಟಕಿ ಮುಚ್ಚಿತ್ತು, ಸೋಮಜ್ಜ ಮಣೆಯ ಮೇಲೆ ಕೂತಾಗಿತ್ತು. “ಎಲ್ಲಾ ನೀಟ್ ಮಾಡಿ ಇಟ್ಟಿದ್ದೆ,” ಎಂದ ಮಧುಕರ.

ಸೋಮಜ್ಜ ಪೆನ್ನು ಹಿಡಿದ. ಅದರ ತುದಿ ಹಲಗೆಯ ಮೇಲೆ ಆಲಿಕಲ್ಲು ಬಿದ್ದ ಹಾಗೆ ಬಡಿಯಿತು. ಯಾರೋ ನಗಲು ಹೋಗಿ ಕೆಮ್ಮಿದರು.

“ನೂರಕ್ಕೆ ಇಟ್ಟಿದ್ಯಲ್ಲ, ತಮ್ಮಾ?”

“ಇಟ್ಟಿದ್ದೆ ಅಜ್ಜಾ.”

“ಹಂಗಾರೆ ಬೀಳೂಕೆ ಬಿಡೂದಿಲ್ಲ ಅದು,” ಎಂದು ಸೋಮಜ್ಜ ತನಗೆ ತಾನೇ ಹೇಳಿಕೊಂಡ. ಮತ್ತೆ ಪೆನ್ನು ಊರಿದ.

ಆಮೇಲೆ ನಡೆದದ್ದನ್ನು ನೋಡುವಾಗ ಮಳೆಯ ಸದ್ದೂ ದೂರ ಹೋದಂತೆ ಆಶಿಷನಿಗೆ ಅನ್ನಿಸಿತು. ಬಾಯಿಯಿಂದ ಹೊರಟ ಒಂದೇ ಗೆರೆ, ಎಲ್ಲೂ ನಿಲ್ಲದೆ, ಬೆನ್ನು ಹತ್ತಿ, ಇಳಿದು, ಬಾಲದಲ್ಲಿ ಕತ್ತಿಯ ಹಾಗೆ ಸೀಳಿ, ಹೊಟ್ಟೆಯ ಅಡಿಯಿಂದ ಮರಳಿ ಬಾಯಿಗೇ ಬಂದು ಸೇರಿತು. ಎಲ್ಲಿ ಶುರುವಾಗಿತ್ತೆಂಬುದೂ ಕಾಣದ ಹಾಗೆ. ಕೊನೆಗೆ ಒಂದು ಚುಕ್ಕೆ. ಆ ಚುಕ್ಕೆ ಬಿದ್ದದ್ದೇ ಮೀನು ಜಗಲಿಯಲ್ಲಿದ್ದ ಎಲ್ಲರನ್ನೂ ನೋಡಿತು.

ನೀರಿನಿಂದ ಜೀವಂತ ಮೀನು ಎತ್ತುವವರು ಬೆಳಕಿನ ಮೀನೊಂದನ್ನು ಕಂಡು ಕೈಕಟ್ಟಿ ನಿಂತಿದ್ದರು.

“ಇಸ್ವಾಣ,” ಎಂದ ಶಾಂತಾರಾಮ, ಗರ್ಭಗುಡಿಯಲ್ಲಿ ಮಾತಾಡುವವನಂತೆ ಮೆಲ್ಲಗೆ.

“ಮಸಾಲೆ ಅರೆಯೂದೊಂದು ಬಾಕಿ,” ಎಂದಳು ದುರ್ಗಾ. ಅವಳ ಕಣ್ಣು ಒದ್ದೆಯಾಗಿತ್ತು.

ಸೋಮಜ್ಜ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ. ಪೆನ್ನು ಬಿಟ್ಟ ಕೂಡಲೇ ಅವು ಮತ್ತೆ ನಡುಗತೊಡಗಿದ್ದವು. “ಇದು ನನ್ನ ಕೈ ಅಲ್ಲ, ತಮ್ಮಾ. ನಿನ್ನ ಮಷೀನು.”

“ಆಶಿಷಾ, ಭಾರೀ ಮಷೀನು ತಂದಿದ್ಯೋ!” ಶಾಂತಾರಾಮ ಅಳಿಯನ ಬೆನ್ನು ಗುದ್ದಿದ. ಸುದ್ದಿ ಮಳೆಯಲ್ಲೂ ಓಡಿತು. ಮೀನನ್ನು ಪೆನ್ ಡ್ರೈವಿಗೆ ತುಂಬಿ ಒಬ್ಬ ಕಲಾಸಿಯ ಕೈಯಲ್ಲಿ ಅಂಕೋಲೆಗೆ ಕಳಿಸುವಷ್ಟರಲ್ಲಿ ಇನ್ನೂ ಮೂವರು ಬೋಟಿನವರು ಜಗಲಿಯಲ್ಲಿದ್ದರು. ಒಬ್ಬನಿಗೆ ಗರುಡ ಬೇಕು, ಒಬ್ಬನಿಗೆ ಕಮಲ, ಇನ್ನೊಬ್ಬನಿಗೆ ಇದಕ್ಕಿಂತ ದೊಡ್ಡ ಇಸ್ವಾಣ. ಎಲ್ಲರಿಗೂ ಬೇಕಾದದ್ದು ಸೋಮಜ್ಜನ ಕೈ, ಆಶಿಷನ ಮಷೀನು.

“ಮತ್ತೆ ನಾನು?” ಎಂದ ಆಶಿಷ.

“ನೀ ಸೆಟ್ಟಿಂಗ್ ಮಾಡಿ ಕೊಡು. ಅದಕ್ಕೂ ಒಬ್ಬ ಬೇಕಲ್ಲ,” ಎಂದ ಶಾಂತಾರಾಮ. ಕಲಾಸಿಗಳು ಆಗಲೇ ಅವನನ್ನು ‘ಸೆಟ್ಟಿಂಗ್ ಆಶಿಷ’ ಎಂದು ಕರೆಯತೊಡಗಿದ್ದರು.

ಇರಲಿ, ಕೊನೆಗೆ ತನ್ನ ನೂರು ಗೆದ್ದಿತಲ್ಲ ಎಂದು ಆಶಿಷ ಸಮಾಧಾನ ಮಾಡಿಕೊಂಡ. ಇನ್ನು ಯಾರ ಬೆರಳು ಬಿದ್ದರೂ ಅಳಿಸದ ಹಾಗೆ ಆ ಆಯ್ಕೆಯನ್ನು ಕಾಪಿಟ್ಟುಕೊಳ್ಳಲು ಪ್ರಿಫರೆನ್ಸ್ ಕಿಟಕಿ ತೆರೆದ.

ಸ್ಟೆಬಿಲೈಜರ್ ಸೊನ್ನೆಯಲ್ಲಿತ್ತು.

ಕಣ್ಣುಜ್ಜಿ ನೋಡಿದ. ಸೊನ್ನೆಯೇ.

“ಮಧುಕರಣ್ಣಾ, ಆಗ ಕಿಟಕಿ ಮುಚ್ಚುವಾಗ ಓಕೆ ಒತ್ತಿದ್ಯಲ್ಲ?” ಎಂದು ಅವನ ಕಿವಿಯಲ್ಲಿ ಕೇಳಿದ.

“ಓಕೆ ಎಂತಕ್ಕೆ? ಮೂಲೇಲಿ ಕ್ರಾಸ್ ಇರ್ತದಲ್ಲ, ಅದನ್ನ ಒತ್ತಿ ಮುಚ್ಚಿದೆ. ಆಫೀಸಲ್ಲಿ ನಾವು ಹಾಗೇ ಮಾಡೂದು.”

ಓಕೆ ಒತ್ತದಿದ್ದರೆ ಎಳೆದ ನೂರು ಎಳೆಯದ ಹಾಗೆಯೇ. ಆಶಿಷ ಬದಿಗೆ ಒಂದು ಗೆರೆ ಎಳೆದು ನೋಡಿದ. ಜ್ವರ ಬಂದ ಬಂಗಡೆಯ ಬೆನ್ನು. ಮಷೀನು ಯಾರ ಕೈಯನ್ನೂ ಹಿಡಿದಿರಲಿಲ್ಲ. ಹಾಗಾದರೆ ಆ ಮುದುಕನ ಕೈಯನ್ನು ನಿಲ್ಲಿಸಿದ್ದು ಯಾವುದು?

ಕೇಳಲು ತಿರುಗಿದ. ಸೋಮಜ್ಜ ಆಗಲೇ ಚಾಳೀಸು ಏರಿಸಿ, ಪೆನ್ನು ಎತ್ತಿಕೊಂಡು, ಹಬ್ಬದ ಊಟಕ್ಕೆ ಎಲೆಯ ಮುಂದೆ ಕೂತವನ ಹಾಗೆ ಕಾಯುತ್ತಿದ್ದ. ಪೆನ್ನಿನ ತುದಿ ಹಲಗೆಯನ್ನು ಬಡಿಯುತ್ತಿತ್ತು. ಸುತ್ತ ಬೋಟಿನವರೆಲ್ಲ ಬಾಗಿದ್ದರು.

“ನೂರಕ್ಕೆ ಇಡು, ತಮ್ಮಾ,” ಎಂದ.

ಆಶಿಷ ಎಲ್ಲರಿಗೂ ಕಾಣುವ ಹಾಗೆ ಗುಂಡಿಯನ್ನು ನೂರರವರೆಗೆ ಎಳೆದ. ಸ್ವಲ್ಪ ಹೊತ್ತು ಹಾಗೇ ಬಿಟ್ಟ. ನಂತರ ಮೂಲೆಯ ಕ್ರಾಸ್ ಒತ್ತಿ ಕಿಟಕಿ ಮುಚ್ಚಿದ.

“ಇಟ್ಟಿದ್ದೆ ಅಜ್ಜಾ.”

ಬಡಿತ ನಿಂತಿತು. ಗೆರೆ ಹೊರಟಿತು.

ಓಕೆ ಒತ್ತಿಲ್ಲವೆಂದು ಆಶಿಷ ಯಾರಿಗೂ ಹೇಳಲಿಲ್ಲ.