ಕುರಿ ಮೈಮೇಲೆ ಹಿಂದಿ

ಮಗಳ ಒಂಬತ್ತನೇ ಕ್ಲಾಸಿನ ಹಿಂದಿಯನ್ನು ನಾನೇ ರಿಪೇರಿ ಮಾಡಿಬಿಡುತ್ತೇನೆ ಎಂದು ಯಲ್ಲದಕೆರೆಯ ನಮ್ಮ ಮನೆಯಲ್ಲಿ ಘೋಷಿಸಿದವನು ಸಾಕ್ಷಾತ್ ನಾನೇ. ಯಾರೂ ಕೇಳಿರಲಿಲ್ಲ!

ಮಗಳು ಕಾವ್ಯಾಗೆ ಹಿಂದಿ ಪೀರಿಯಡ್ ಇದ್ದ ದಿನವೆಲ್ಲ ಹೊಟ್ಟೆನೋವು. ಮೇಷ್ಟ್ರು ಎಬ್ಬಿಸಿ ಪದ ಕೇಳಿದರೆ ಬಾಯಿ ಕಟ್ಟುತ್ತಿತ್ತು, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಸೋಮವಾರ ಮತ್ತೆ ಬಾಯಿಪರೀಕ್ಷೆ. "ಈ ಸಲನೂ ಬರ್ಲಿಲ್ಲ ಅಂದ್ರೆ ನಾ ಸ್ಕೂಲಿಗೆ ಹೋಗಲ್ಲಪ್ಪ, ಕುರಿ ಕಾಯ್ತೀನಿ" ಎಂದಳು. ಆ ಸಪ್ಪೆ ಮುಖ ನೋಡಿ ನಾನು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಇದೇ ಹುಡುಗಿ ನಮ್ಮ ಹಿಂಡಿನ ಒಂದೊಂದು ಕುರಿಯ ಮುಖವನ್ನೂ ಬಲ್ಲಳು. ಯಾವ ಮರಿ ಯಾರದು, ಯಾವುದಕ್ಕೆ ಮುಂಗೋಪ, ಎಲ್ಲ ಕಂಠಪಾಠ. ಹಾಗಾದರೆ ಹಿಂದಿಯನ್ನು ಕುರಿಯ ಮೇಲೇ ಬರೆದರಾಯಿತಲ್ಲ! ಬಲಮಗ್ಗುಲಿಗೆ ಹಿಂದಿ, ಎಡಮಗ್ಗುಲಿಗೆ ಕನ್ನಡ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಭಾನುವಾರ ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದು ಕುರಿಗಳ ರೊಪ್ಪದೊಳಗೆ ಇಳಿದೆ. ಕಾವ್ಯಾ ಒಂದೊಂದೇ ಕುರಿಯ ಕಿವಿ ಹಿಡಿದು ನಿಲ್ಲಿಸಿ ಗಟ್ಟಿಯಾಗಿ ಓದುತ್ತಿದ್ದಳು. ನಾನು ಪುಸ್ತಕ ನೋಡಿ ಹಿಂದಿ ಅಕ್ಷರ ಇಳಿಸುತ್ತಿದ್ದೆ, ಎಡಕ್ಕೆ ಹೋದಮೇಲೆ ಅವಳು ಹೇಳಿದ ಕನ್ನಡ ಬರೆಯುತ್ತಿದ್ದೆ. ಅಲ್ಲಿಯವರೆಗೆ ಅರ್ಥ ನನಗೂ ಗೊತ್ತಿರಲಿಲ್ಲ, ಕುರಿಗೂ ಗೊತ್ತಿರಲಿಲ್ಲ.

ಟಗರು ಮಾತ್ರ ಶಿಕ್ಷಣ ವಿರೋಧಿ. ಬಲಮಗ್ಗುಲು ಮುಗಿಸಿ ಎಡಕ್ಕೆ ಹೋಗುವಷ್ಟರಲ್ಲಿ ಜಿಗಿಯಿತು. ಬೀಳಬಾರದೆಂದು ಅದನ್ನೇ ತಬ್ಬಿಕೊಂಡೆ. ಹಸಿ ಪದ ನನ್ನ ಬಿಳಿ ಅಂಗಿಯ ಮೇಲೆ ಉಲ್ಟಾ ಅಚ್ಚಾಯಿತು! ಕಾವ್ಯಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

"ಏನೇ ಅದು?"

"ಏನಿಲ್ಲಪ್ಪ, ಚೆನ್ನಾಗೈತೆ."

ಮಧ್ಯಾಹ್ನ ಹಿಂಡು ಕೆರೆಗೆ ನೀರಿಗೆ ಹೋಯಿತು. ಸಂಜೆ ನೋಡಿದರೆ ನಮ್ಮ ರೊಪ್ಪ ಅರ್ಧ ಖಾಲಿ! ನಮ್ಮ ಕುರಿಗಳ ಗುರುತು ನೀಲಿ, ಅದು ಉಣ್ಣೆ ಕತ್ತರಿಸಿದಾಗಲೇ ಹೋಗಿತ್ತು. ಅಕ್ಷರ ಎದ್ದು ಕಾಣಲೆಂದು ನಾನು ಬಳಿದಿದ್ದು ಕೆಂಪು. ಕೆಂಪು ಪಕ್ಕದ ಮನೆಯ ಚಿಕ್ಕಣ್ಣನ ಗುರುತು ಎಂಬುದು ನನ್ನ ಜ್ಞಾನೋದಯದ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಅವನು ಕೆರೆಯ ಬಳಿ ಕೆಂಪು ಕಂಡಿದ್ದನ್ನೆಲ್ಲ ಹೊಡೆದುಕೊಂಡು ಹೋಗಿದ್ದ. ಮಗಳೂ ನಾನೂ ಅವನ ರೊಪ್ಪಕ್ಕೆ ಓಡಿದೆವು.

"ಏನಪ್ಪ, ಕುರಿ ಮೇಲೆ ಅಂಗಡಿ ಬೋರ್ಡ್ ಬರ್ದಿದೀಯ? ನಿನ್ನವು ಯಾವು ಅಂತ ತೋರ್ಸು, ಹೊಡ್ಕೊಂಡು ಹೋಗು" ಎಂದ ಚಿಕ್ಕಣ್ಣ. ತೋರಿಸುವುದು ಹೇಗೆ? ಒಂದಕ್ಕೊಂದು ಮೈ ಉಜ್ಜಿ ಅಕ್ಷರವೆಲ್ಲ ಕಲಸಿಹೋಗಿತ್ತು.

ಕಾವ್ಯಾ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಮುಖ ನೋಡುತ್ತ, ಕಿವಿ ಹಿಡಿದು ಹೊರಗೆ ಬಿಡುತ್ತ ಹೋದಳು. "ಇವ್ಳು ಬಾದಲ್, ಮೋಡ. ಇವ್ಳು ಪತ್ತಾ, ಎಲೆ. ಚಿಡಿಯಾ, ಹಕ್ಕಿ, ಬಾರೇ ಈ ಕಡೆ!" ಒಂದೂ ತಪ್ಪಲಿಲ್ಲ, ಒಂದೂ ತಡವರಿಸಲಿಲ್ಲ.

"ಈ ಹುಡ್ಗಿಗಾ ಹಿಂದಿ ಬರಲ್ಲ ಅಂದಿದ್ದು?" ಎಂದ ಚಿಕ್ಕಣ್ಣ. ನನಗೆ ಕಣ್ಣು ತುಂಬಿ ಬಂತು. ಕಣ್ಣಿಗೆ ಬಣ್ಣ ಬಿತ್ತು ಅಂದೆ.

ಸೋಮವಾರ ಬೆಳಗಿನಿಂದ ಅದೇ ಅಂಗಿ ತೊಟ್ಟು ಡೈರಿ, ಬಸ್ ಸ್ಟ್ಯಾಂಡು ಎಲ್ಲ ಕಡೆ ಎದೆಯುಬ್ಬಿಸಿ ಓಡಾಡಿದೆ. ಮಗಳ ಓದಿಗಾಗಿ ಪಟ್ಟ ಪಾಡು ನಾಲ್ಕು ಜನ ನೋಡಲಿ ಎಂದು. ಸಂಜೆ ಕಾವ್ಯಾ ಕುಣಿಯುತ್ತ ಬಂದಳು.

"ಎಲ್ಲಾ ಹೇಳ್ದೆ ಅಪ್ಪ! ಟಗರಿಂದು ಒಂದೇ ನೆನಪಾಗ್ಲಿಲ್ಲ. ಆಮೇಲೆ ನಿನ್ನ ಅಂಗಿ ಕಣ್ಮುಂದೆ ಬಂತು, ಥಟ್ ಅಂತ ಹೇಳ್ಬಿಟ್ಟೆ."

ನಾನು ಅಂಗಿ ನೀವಿಕೊಂಡೆ. "ಏನಂತೈತೆ ಇದ್ರ ಮೇಲೆ?"

"ಗಧಾ. ಅಂದ್ರೆ ಕತ್ತೆ."

ಬಿಚ್ಚಿ ಒಗೆಯಲು ಹೊರಟೆ. ಅವಳು ಕೈ ಹಿಡಿದುಕೊಂಡಳು. "ಒಗೀಬೇಡಪ್ಪ, ದೊಡ್ಡ ಪರೀಕ್ಷೆಗೂ ಬೇಕಾಗ್ತೈತೆ."

ಒಗೆದಿಲ್ಲ. ಇವತ್ತೂ ಅದನ್ನೇ ತೊಟ್ಟಿದ್ದೇನೆ.