ಗಾಳಿರಾಯನ ಹಲಗೆ ಜಪ್ತಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಣಗದ ಬಣ್ಣ. ಬಣ್ಣ ಬಳಿದ ಪುಣ್ಯಾತ್ಮ ಅದು ಒಣಗುವವರೆಗೆ ಒಂದಿಷ್ಟು ತಾಳ್ಮೆ ತೋರಿಸಿದ್ದರೆ, ನಮ್ಮ ಗಾಳಿರಾಯ ಈ ಹೊತ್ತಿಗೆ ಖಾಯಂ ನೌಕರನಾಗಿ ಮನೆ ಮೆಟ್ಟಿಲ ಮೇಲೆ ಕಾಲುಚಾಚಿ ಕೂತಿರುತ್ತಿದ್ದ.

ಗಾಳಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ತಂದಿಟ್ಟ ಹೆಸರು. ಬಿರುಗಾಳಿಯ ಕಾಲ ಶುರುವಾಗುವ ಮೊದಲು ಮನೆಮನೆಗೆ ಹೋಗಿ, ಯಾವ ಮನೆ ಗಾಳಿಗೆ ನಿಂತೀತು, ಯಾವುದರ ಚಾವಣಿ ಹಾರೀತು ಎಂದು ನೋಡುವುದು ಅವನ ಕೆಲಸ. ಏಣಿ ಹತ್ತಿ ಶೀಟು ಅಲ್ಲಾಡಿಸಬೇಕು, ಸ್ಕ್ರೂ ಬಿಗಿಯಿದೆಯೇ ಎಂದು ತಿರುಗಿಸಬೇಕು, ನೀರಿನ ಟ್ಯಾಂಕು ಕಟ್ಟಿದ್ದಾರೆಯೇ, ಮನೆ ಮೇಲೆ ಬಾಗಿದ ಒಣಕೊಂಬೆ ಕಡಿಸಿದ್ದಾರೆಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಕಿಟಕಿಗೆ ಹೊರಗಿನಿಂದ ಬಿಗಿಯುವ ಮರದ ಹಲಗೆ. ಗಾಜು ಒಡೆದು ಗಾಳಿ ಒಳಗೆ ನುಗ್ಗಿದರೆ ಒಳಗಿನಿಂದಲೇ ಚಾವಣಿಯನ್ನು ಎತ್ತಿ ಬಿಸಾಡುತ್ತದೆ. ಎಲ್ಲ ಸರಿಯಿದ್ದರೆ ಬಾಗಿಲಿಗೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಚೀಟಿಗೆ ಬೇರೆ ಶಿಕ್ಷೆಯೇನೂ ಇರಲಿಲ್ಲ. ಆದರೆ ಪಕ್ಕದ ಮನೆಗೆ ಹಸಿರು ಅಂಟಿ ತಮ್ಮ ಮನೆಗೆ ಕೆಂಪು ಅಂಟುವುದಕ್ಕಿಂತ ಅವನಿದ್ದ ಬಡಾವಣೆಯವರಿಗೆ ಜೈಲೇ ವಾಸಿ.

ಗಾಳಿರಾಯ ವರ್ಷಗಟ್ಟಲೆ ಹಂಗಾಮಿಯಾಗಿಯೇ ಏಣಿ ಹತ್ತಿ ಇಳಿದಿದ್ದ. ಕೊನೆಗೂ ಎಂಜಿನಿಯರ್ ಸಾಹೇಬರ ಮನಸ್ಸು ಕರಗಿತ್ತು. "ಖಾಯಂ ಮಾಡ್ತೀನಿ. ಆದ್ರೆ ಊರಿಗೆಲ್ಲ ಬುದ್ಧಿ ಹೇಳೋನ ಮನೆ ಮೊದಲು ಸರಿ ಇರ್ಬೇಕು. ಇವತ್ತು ಸಂಜೆ ನಾನೇ ಬಂದು ನೋಡ್ತೀನಿ" ಎಂದಿದ್ದರು. ಗಾಳಿರಾಯನ ಮನೆಯಲ್ಲಿ ಎಲ್ಲ ಇತ್ತು, ಹಲಗೆ ಮಾತ್ರ ಇರಲಿಲ್ಲ. ಬಡಗಿಯ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು ಬೇಡಿಕೊಂಡ ಮೇಲೆ ಆ ದಿನ ಬೆಳಿಗ್ಗೆ ತಂದುಕೊಡುವುದಾಗಿ ಆತ ಒಪ್ಪಿದ್ದ.

ಮೊದಲ ಮನೆಯ ಗೇಟು ತೆಗೆಯುವಾಗಲೇ ಹೆಂಡತಿಯ ಫೋನು ಬಂತು. "ಬಡಗಿ ಬಂದಿದ್ರು ರೀ. ನಾಲ್ಕು ಹಲಗೇನೂ ಕೊಟ್ಟು ಹೋದ್ರು." ಗಾಳಿರಾಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಾವ ಬಣ್ಣ ಎಂದು ಕೇಳುವಷ್ಟರಲ್ಲಿ ಒಳಗಿನಿಂದ ನಿವೃತ್ತ ಮೇಷ್ಟ್ರು ಬಂದೇಬಿಟ್ಟರು.

"ಬನ್ನಿ ಬನ್ನಿ. ನಮ್ಮ ಹಲಗೆ ನೋಡಿ, ಹೊಚ್ಚ ಹೊಸದು."

ಎಲೆಹಸಿರು ಹಲಗೆಗಳು ಕಿಟಕಿಗೆ ಹೇಳಿಮಾಡಿಸಿದಂತೆ ಕೂತಿದ್ದವು. ಬಡಾವಣೆಯ ಮನೆಗಳನ್ನೆಲ್ಲ ಒಬ್ಬನೇ ಮೇಸ್ತ್ರಿ ಕಟ್ಟಿದ್ದರಿಂದ ಕಿಟಕಿಗಳೆಲ್ಲ ಒಂದೇ ಅಳತೆ. ಗಾಳಿರಾಯ ಅಭ್ಯಾಸದಂತೆ ಅಂಗೈ ಊರಿ, ಮೈಭಾರ ಬಿಟ್ಟು ಹಲಗೆಯನ್ನು ಒತ್ತಿದ. ಕೈ ತೆಗೆದಾಗ ಅಂಗೈ ತುಂಬ ಹಸಿರು, ಹಲಗೆಯ ಮೇಲೆ ಐದೂ ಬೆರಳು.

"ಮೇಷ್ಟ್ರೇ, ಬಣ್ಣ ಒಣಗೇ ಇಲ್ಲ."

"ಮುಟ್ಟಬೇಡಿ ಅಂತ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀವು ಮುಟ್ಟೇಬಿಟ್ರಿ."

ಮೇಷ್ಟ್ರ ಬಾಗಿಲಿಗೆ ಹಸಿರು ಚೀಟಿ ಅಂಟಿಸಿ ಬೀದಿಗೆ ಬಂದರೆ ಎದುರಿಗೆ ಟೈಲರಮ್ಮ. ಬೀದಿಯ ಹೆಂಗಸರ ಬಟ್ಟೆಯಷ್ಟೇ ಅಲ್ಲ, ಬೀದಿಯ ವ್ಯವಹಾರವನ್ನೂ ಕತ್ತರಿಸಿ ಹೊಲಿಯುವವರು ಅವರು. ಕೊರಳಲ್ಲಿದ್ದ ಟೇಪು ತೆಗೆದು ನೇರ ಗಾಳಿರಾಯನ ಎದೆಗೆ ಸುತ್ತಿದರು.

"ಖಾಯಂ ಆಗ್ತಿದೀರಂತೆ ಅಣ್ಣಾ. ಈ ಹಳೇ ಅಂಗೀಲೇ ಹೋಗಿ ಆದೇಶ ತಗೊಳ್ತೀರಾ? ಕೈ ಎತ್ತಿ. ಇನ್ನೂ ಮೇಲೆ."

ಗಾಳಿರಾಯ ನಡುಬೀದಿಯಲ್ಲಿ ಕಳ್ಳರಿಗೆ ಶರಣಾದವನಂತೆ ಕೈಯೆತ್ತಿ ನಿಂತ. ಮನೆಗಳ ಹಿಂದಿನಿಂದ ಗಡಗಡ ಸದ್ದು ಕೇಳಿತು. ತಿರುಗಲು ಹೋದರೆ, "ಅಲ್ಲಾಡಿದ್ರೆ ಅಳತೆ ತಪ್ಪುತ್ತೆ" ಎಂದು ಟೈಲರಮ್ಮ ಗದರಿದರು. ಭುಜ, ಕುತ್ತಿಗೆ, ಸೊಂಟ ಎಲ್ಲ ಅಳೆದು, ಅಳೆದದ್ದನ್ನು ಮರೆತು ಮತ್ತೆ ಅಳೆದರು.

ಮುಂದಿನದು ಬೇಕರಿಯವರ ಮನೆ. ಒಲೆಯ ಮುಂದೆ ದಿನವಿಡೀ ನಿಂತರೂ ಬೆವರದ ಮನುಷ್ಯ ಆಗ ಬಾಗಿಲಲ್ಲಿ ಏದುಸಿರು ಬಿಡುತ್ತಾ ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಕಿಟಕಿಗೆ ಎಲೆಹಸಿರು ಹಲಗೆ. ಹಲಗೆಯ ಮೇಲೆ ಒಂದು ಅಂಗೈ.

"ಇದೇನು ಕೈ ಗುರುತು?"

"ಅದಾ? ಬಡಗೀದಿರ್ಬೇಕು. ಶುದ್ಧ ಸೋಮಾರಿ."

ಗಾಳಿರಾಯ ತನ್ನ ಕೈಯನ್ನು ಅದರ ಮೇಲಿಟ್ಟ. ಹಿಂದೊಮ್ಮೆ ಏಣಿಯಿಂದ ಬಿದ್ದು ಅವನ ಕಿರುಬೆರಳು ಸೊಟ್ಟಗಾಗಿತ್ತು. ಆ ಗುರುತಿನ ಕಿರುಬೆರಳೂ ಅಷ್ಟೇ ಸೊಟ್ಟಗಿತ್ತು. ಅವನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಇಷ್ಟು ವರ್ಷ ತನ್ನನ್ನು ಎಷ್ಟು ಬೀದಿಗಳು ಹೀಗೆ ಕೋತಿ ಮಾಡಿವೆಯೋ ಎಂದು ನೆನೆದು ಮೈ ಉರಿಯಿತು. "ಚೀಟಿ ಆಮೇಲೆ ಕೊಡ್ತೀನಿ" ಎಂದಷ್ಟೇ ಹೇಳಿ ಹೊರಟ.

"ಅಣ್ಣಾ, ತೋಳಿನ ಅಳತೆ ಬಿಟ್ಟುಹೋಯ್ತು" ಎಂದು ಟೈಲರಮ್ಮ ಕೂಗಿದರು. ಗಾಳಿರಾಯ ನಿಲ್ಲಲಿಲ್ಲ. ಬೀದಿ ಸುತ್ತಿ ಮನೆಗಳ ಹಿಂದಿನ ಓಣಿಗೆ ನುಗ್ಗಿದ.

ಅಲ್ಲಿ ಬೇಕರಿಯವರು ಕೆಳಗಿನಿಂದ ಹಲಗೆ ನೂಕುತ್ತಿದ್ದರು. ಮೇಷ್ಟ್ರು ಟೈಲರಮ್ಮನ ಕಾಂಪೌಂಡಿನ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಹಲಗೆಯನ್ನು ತಬ್ಬಿಕೊಂಡು ಕೂತಿದ್ದರು.

"ನಮಸ್ಕಾರ. ಗಾಳಿ ಯಾಕೋ ಜೋರಾಗಿದೆ ಅಲ್ವಾ?" ಎಂದರು ಮೇಷ್ಟ್ರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಇಳೀರಿ ಮೇಷ್ಟ್ರೇ. ಹಲಗೆ ಜಪ್ತಿ ಮಾಡ್ತೀನಿ."

ಟೈಲರಮ್ಮ ಓಡಿಬಂದರು. "ಬೇಡ ಅಣ್ಣಾ. ಬೇರೆಯವ್ರ ಮನೇದು. ಮಧ್ಯಾಹ್ನಕ್ಕೆ ವಾಪಸ್ ಕೊಡ್ತೀವಿ ಅಂತ ಮಾತು ಕೊಟ್ಟು ತಂದಿದೀವಿ."

"ಯಾರದಾದ್ರೂ ಸರಿ, ಬಿಡಲ್ಲ."

"ಅವ್ರು ನಿಮಗೆ ತೀರಾ ಬೇಕಾದವ್ರು. ಹೆಸರು ಹೇಳಲ್ಲ ಅಂತ ಆಣೆ ಮಾಡಿದೀನಿ, ಇಲ್ದಿದ್ರೆ ಹೇಳ್ತಿದ್ದೆ."

"ಕಾನೂನಿಗಿಂತ ಬೇಕಾದವ್ರು ನನಗೆ ಯಾರೂ ಇಲ್ಲ" ಎಂದ ಗಾಳಿರಾಯ. ಹೇಳಿದ ಮೇಲೆ ಅವನಿಗೇ ಆ ಮಾತು ಬಹಳ ಹಿಡಿಸಿತು. ಮೂರು ಮನೆಗೂ ಕೆಂಪು ಚೀಟಿ ಅಂಟಿಸಿದ. ಹಲಗೆಗಳನ್ನು ಆಫೀಸಿನ ವ್ಯಾನಿಗೆ ಹಾಕಿಸಿ ಉಗ್ರಾಣಕ್ಕೆ ಕಳಿಸಿದ. ಸಾಹೇಬರಿಗೆ ಫೋನು ಮಾಡಿ ವರದಿಯನ್ನೂ ಒಪ್ಪಿಸಿದ.

"ಭೇಷ್. ಉಗ್ರಾಣಕ್ಕೆ ಬೀಗ ಹಾಕಿ ಕೀಲಿ ನನ್ನ ಜೇಬಲ್ಲೇ ಇಟ್ಕೋತೀನಿ. ಹಲಗೆ ಕಳ್ಳರನ್ನ ಇಷ್ಟು ಚೆನ್ನಾಗಿ ಹಿಡಿದವನು ನಮ್ಮ ಆಫೀಸಲ್ಲೇ ಇಲ್ಲಪ್ಪ" ಎಂದರು ಸಾಹೇಬರು.

ಗಾಳಿರಾಯ ನೆಲದ ಮೇಲೆ ಕಾಲಿಡದೆ ಮನೆಗೆ ಬಂದ. ಬಂದವನು ಗೇಟಿನಲ್ಲೇ ನಿಂತ. ಕಿಟಕಿಗಳಲ್ಲಿ ಕೊಕ್ಕೆ ಮಾತ್ರ ಇತ್ತು.

"ಹಲಗೆ ಎಲ್ಲೇ?"

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಟೈಲರಕ್ಕ ಕೇಳಿದ್ರು ರೀ, ಮಧ್ಯಾಹ್ನದ ತನಕ ಅಂತ. ನೀವು ಅವ್ರಿಗೆಲ್ಲ ಕೆಂಪು ಚೀಟಿ ಅಂಟಿಸಿದ್ರೆ ನಾನು ಆ ಬೀದೀಲಿ ಮುಖ ತೋರಿಸೋದು ಹೇಗೆ? ನಿಮ್ಮ ಕಣ್ಣಿಗೆ ಬೀಳಲ್ಲ ಅಂದ್ಕೊಂಡಿದ್ದೆ. ಯಾವತ್ತೂ ಬಿದ್ದಿಲ್ವಲ್ಲ."

ಗಾಳಿರಾಯ ಮೆಟ್ಟಿಲ ಮೇಲೆ ಕೂತ. ತನ್ನ ಕೈಯಾರೆ ತನ್ನ ಹಲಗೆಯನ್ನೇ ಜಪ್ತಿ ಮಾಡಿ, ಕೀಲಿಯನ್ನು ಸಾಹೇಬರ ಜೇಬಿಗೆ ಸೇರಿಸಿದ್ದ. ಇನ್ನೇನು ಸಾಹೇಬರೂ ಬರುತ್ತಾರೆ. ಇಷ್ಟು ವರ್ಷ ಹತ್ತಿದ ಏಣಿಯೆಲ್ಲ ದಂಡವಾಯಿತೆಂದು ಅವನಿಗೆ ಅಳುವೇ ಬಂತು.

ಹೆಂಡತಿ ಅವನನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಬರುವಾಗ ಜೊತೆಯಲ್ಲಿ ಟೈಲರಮ್ಮ.

"ಹಲಗೆಗೆ ವ್ಯವಸ್ಥೆ ಮಾಡ್ತೀನಿ ಅಣ್ಣಾ. ಆದ್ರೆ ನಮ್ಮ ಕೆಂಪು ಚೀಟಿ?"

"ಕಿತ್ತುಹಾಕ್ತೀನಿ. ಒಂದು ವಾರ ಟೈಮ್ ಕೊಡ್ತೀನಿ, ಅಷ್ಟರಲ್ಲಿ ಮಾಡಿಸ್ಕೊಳ್ಳಿ."

"ಪಾರ್ಕಿನ ಆಚೆ ನನ್ನ ಗಿರಾಕಿ ಒಬ್ರಿದ್ದಾರೆ, ದೇವರಂಥಾ ಹೆಂಗಸು. ಅವರ ಮನೇಲಿ ಸುಮ್ನೆ ಬಿದ್ದಿದಾವೆ. ಯಾರದು ಏನು ಅಂತ ಮಾತ್ರ ಕೇಳ್ಬೇಡಿ."

"ಯಾರದಾದ್ರೂ ಸರಿ, ತನ್ನಿ" ಎಂದ ಗಾಳಿರಾಯ. ಕಾನೂನಿನ ನೆನಪು ಅವನಿಗೆ ಆಗಲಿಲ್ಲ.

ಹಲಗೆಗಳು ಓಣಿಯಿಂದಲೇ ಬಂದವು. ಒಂದು ತುದಿಗೆ ಬೇಕರಿಯವರು, ಇನ್ನೊಂದಕ್ಕೆ ಮೇಷ್ಟ್ರು. ಬೆಳಗಿನ ಅನುಭವ ಇದ್ದುದರಿಂದ ಈ ಸಲ ಗೋಡೆ ಹತ್ತಿದ್ದೂ ಇಳಿದದ್ದೂ ಗೊತ್ತಾಗಲಿಲ್ಲ. ಕೊನೆಯ ಕೊಕ್ಕೆ ಬಿಗಿಯುವಾಗ ಸಾಹೇಬರ ಸ್ಕೂಟರು ಗೇಟಿನಲ್ಲಿ ನಿಂತಿತು. ಮೂವರೂ ಹಿತ್ತಲಲ್ಲಿ ಮಾಯವಾದರು.

ಸಾಹೇಬರು ಚಾವಣಿ ನೋಡಿದರು, ಟ್ಯಾಂಕು ನೋಡಿದರು. ಕಿಟಕಿಯ ಮುಂದೆ ಬಂದು ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಅದು ಮಿಸುಕಲಿಲ್ಲ. ತಲೆ ವಾರೆ ಮಾಡಿ ಬಹಳ ಹೊತ್ತು ನೋಡಿದರು.

"ಹೊಸ ಹಲಗೆ ಅಲ್ಲ ಇದು."

"ಅಲ್ಲ ಸಾರ್."

"ಅದೇ ಚೆಂದ. ಇಂಥಾ ಮರ ಈಗೆಲ್ಲಿ ಸಿಗುತ್ತೆ? ನೋಡಿದ್ರೆ ಹುಮ್ಮಸ್ಸು ಬರುತ್ತೆ ಕಣಯ್ಯಾ." ಬೆನ್ನು ತಟ್ಟಿ ತಾವೇ ಬಾಗಿಲಿಗೆ ಹಸಿರು ಚೀಟಿ ಅಂಟಿಸಿದರು. "ಆದೇಶ ರೆಡಿ ಇದೆ. ಬೆಳಿಗ್ಗೆ ಬಾ, ಸಹಿ ಹಾಕಿ ಕೊಡ್ತೀನಿ."

ಸ್ಕೂಟರು ತಿರುವಿನಲ್ಲಿ ಮರೆಯಾದದ್ದೇ ಮನೆಯೊಳಗೆ ಸಂಭ್ರಮ. ಮೇಷ್ಟ್ರು, ಬೇಕರಿಯವರು ಹಿತ್ತಲಿಂದ ಬಂದರು. ಹೆಂಡತಿ ಟೀಗೆ ನೀರಿಟ್ಟಳು. ಟೈಲರಮ್ಮ ಮಾತ್ರ ಕುರ್ಚಿಯ ತುದಿಯಲ್ಲಿ ಕೂತು, "ಬೇಗ ಕುಡೀರಿ. ಆ ಮನೆ ಯಜಮಾನ್ರು ಬರೋದ್ರೊಳಗೆ ಹಲಗೆ ವಾಪಸ್ ಇಡ್ಬೇಕು" ಎನ್ನುತ್ತಿದ್ದರು. ಟೀ ಕುದಿಯುವ ಮೊದಲೇ ಗಾಳಿರಾಯನ ಫೋನು ಬಡಿದುಕೊಂಡಿತು. ಸಾಹೇಬರದು.

"ಏನಯ್ಯಾ, ನಿನ್ನ ಮನೆ ನೋಡಿ ಬಂದ ಹುಮ್ಮಸ್ಸಲ್ಲಿ ನಮ್ಮ ಹಲಗೇನೂ ಈಗಲೇ ಹಾಕಿಬಿಡೋಣ ಅಂತ ಶೆಡ್ಡು ತೆಗೆದ್ರೆ ಖಾಲಿ. ನನ್ನ ಮನೇಲೇ ಕಳ್ಳತನ. ಮನೆಯವಳನ್ನ ಕೇಳಿದ್ರೆ ನಂಗೇನೂ ಗೊತ್ತಿಲ್ಲ ಅಂತಾಳೆ."

ಗಾಳಿರಾಯ ಟೈಲರಮ್ಮನ ಕಡೆ ನೋಡಿದ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಕಳ್ಳ ಮತ್ತೆ ಬಂದಾನು ಅಂತ ನಾನು ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೀನಿ. ಇದು ನಿನ್ನಿಂದಲೇ ಆಗೋ ಕೆಲಸ. ಬೆಳಿಗ್ಗೆ ಕಳ್ಳನ ಜೊತೆ ಬಾ, ಆದೇಶಕ್ಕೆ ಆಮೇಲೆ ಸಹಿ. ಯಾರಾದ್ರೂ ಸರಿ, ದಾಕ್ಷಿಣ್ಯ ಬೇಡ. ತಿಳೀತಾ?"

"ತಿಳೀತು ಸಾರ್."

ಹೆಂಡತಿ ಟೀ ತಟ್ಟೆ ಹಿಡಿದು ಬಂದಳು. "ಯಾರು ರೀ? ಏನಂತೆ?"

"ಸಾಹೇಬ್ರು" ಎಂದ ಗಾಳಿರಾಯ. "ಕೆಲಸ ಖಾಯಂ ಮಾಡ್ತಾರಂತೆ, ನನ್ನನ್ನ ನಾನೇ ಹಿಡ್ಕೊಂಡು ಹೋಗಿ ಕೊಟ್ರೆ."